ಎನ್ನಲಾಗಿದೆ ಎಂಬ ಕ್ರಿಯಾಪದ

ರಾತ್ರಿಯ ಪಾಳಿಯಲ್ಲಿ ಪತ್ರಿಕಾಲಯದ ಮೇಜಿನ ಮುಂದೆ ಕುಳಿತವನಿಗೆ, ಹನ್ನೊಂದು ಗಂಟೆ ಕಳೆದ ಮೇಲೆ ಬರುವ ಕೊಲೆಯ ಸುದ್ದಿಯಷ್ಟು ಕಠಿನವಾದ ಪರೀಕ್ಷೆ ಮತ್ತೊಂದಿಲ್ಲ. ಜಿಲ್ಲಾ ಆವೃತ್ತಿಯ ಪುಟಗಳು ಅಚ್ಚಿಗೆ ಹೋಗಲು ಅರ್ಧ ಗಂಟೆಯೂ ಉಳಿದಿರುವುದಿಲ್ಲ. ವರದಿಗಾರನು ಠಾಣೆಯ ಮೆಟ್ಟಿಲ ಮೇಲೆ ನಿಂತು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ ಹತ್ತು ಹನ್ನೆರಡು ಸಾಲುಗಳನ್ನು ತಿದ್ದಿ, ಅವುಗಳ ಮೇಲೆ ತಲೆಬರಹವೊಂದನ್ನು ಇರಿಸಿ, ಬೆಳಗಾಗುವಷ್ಟರಲ್ಲಿ ಸಾವಿರಾರು ಮನೆಗಳ ಜಗಲಿಯ ಮೇಲೆ ಒಂದು ಕುಟುಂಬದ ದುರಂತವನ್ನು ಅದರ ಕಾರಣಸಮೇತ ಹರಡಿಬಿಡುವ ಅಧಿಕಾರ ಆ ಹೊತ್ತಿನಲ್ಲಿ ಅವನ ಕೈಯಲ್ಲಿರುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ರಾತ್ರಿ ಆ ಮೇಜಿನ ಮುಂದೆ ಕುಳಿತಿದ್ದವನು ನಾನು. ತಮ್ಮನೊಬ್ಬನು ಅಣ್ಣನನ್ನು ಕೊಡಲಿಯಿಂದ ಹೊಡೆದು ಕೊಂದಿದ್ದನು. ವರದಿಯ ಏಳನೆಯ ಸಾಲಿನಲ್ಲಿ, ‘ಆರೋಪಿಯು ಮೊಬೈಲ್ ಗೇಮ್ ಚಟಕ್ಕೆ ಬಿದ್ದಿದ್ದು, ಈ ವಿಷಯವಾಗಿ ಜಗಳ ನಡೆದಿತ್ತು ಎನ್ನಲಾಗಿದೆ’ ಎಂದಿತ್ತು. ಹೊಲ, ಸಾಲ, ಕುಡಿತ, ಪಾಲುಪಟ್ಟಿ ಮುಂತಾದ ಹಳೆಯ ಕಾರಣಗಳನ್ನು ನಿತ್ಯವೂ ತಿದ್ದಿ ಬೇಸತ್ತಿದ್ದ ಕಣ್ಣಿಗೆ ಆ ಏಳನೆಯ ಸಾಲೊಂದೇ ಹೊಸದಾಗಿ ಕಂಡಿತು. ನಾನು ಅದನ್ನು ಮೇಲಕ್ಕೆ ತಂದೆನು. ‘ಮೊಬೈಲ್ ಗೇಮ್ ಹುಚ್ಚಿಗೆ ಅಣ್ಣನ ಬಲಿ’ ಎಂಬ ಶೀರ್ಷಿಕೆ ನಾಲ್ಕು ಕಾಲಮ್ಮುಗಳ ಅಗಲಕ್ಕೆ ಸರಿಯಾಗಿ ಕುಳಿತಿತು. ‘ಎನ್ನಲಾಗಿದೆ’ ಎಂಬ ಪದಕ್ಕೆ ಅದರಲ್ಲಿ ಸ್ಥಳವಿರಲಿಲ್ಲ.

ಎರಡು ತಿಂಗಳಾದ ಮೇಲೆ ಆ ಹುಡುಗನ ಸೋದರಮಾವ ಕಚೇರಿಗೆ ಬಂದರು. ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಆ ಸುದ್ದಿಯ ತುಣುಕನ್ನು ತೆಗೆದು, ಮಡಿಕೆಗಳು ಹರಿಯದ ಹಾಗೆ ಮೇಜಿನ ಮೇಲೆ ಬಿಡಿಸಿ, ಏನೂ ಕೋಪವಿಲ್ಲದ ದನಿಯಲ್ಲಿ, “ಸ್ವಾಮೀ, ನಮ್ಮ ಹುಡುಗ ಮಾಡಿದ್ದು ತಪ್ಪೇ, ಅದಕ್ಕೆ ಏನು ಶಿಕ್ಷೆಯೋ ಅದು ಆಗಲಿ. ಆದರೆ ಅವನ ಮೊಬೈಲು ಕೆಟ್ಟು ಮೂರು ತಿಂಗಳಾಗಿತ್ತು. ಈ ಆಟದ ಮಾತು ನಿಮಗೆ ಯಾರು ಹೇಳಿದರು?” ಎಂದು ಕೇಳಿದರು. ನಾನು ಅವರನ್ನು ಕೂರಿಸಿ, ವರದಿಗಾರನಿಗೆ ಫೋನ್ ಮಾಡಿದೆನು. ಠಾಣೆಯಲ್ಲಿ ಯಾರೋ ಮಾತಾಡಿಕೊಳ್ಳುತ್ತಿದ್ದರು ಎಂದು ಅವನು ಹೇಳಿದನು. ಯಾರೆಂಬುದು ಅವನಿಗೆ ನೆನಪಿರಲಿಲ್ಲ. ‘ಯಾರು ಹೇಳಿದರು’ ಎಂಬ ಅತ್ಯಂತ ಸರಳವಾದ ಆ ಪ್ರಶ್ನೆಗೆ ಉತ್ತರವಿಲ್ಲದೆ ಒಂದು ವಾಕ್ಯವು ವರದಿಗಾರನನ್ನೂ, ಉಪಸಂಪಾದಕನನ್ನೂ, ಪುಟದ ಉಸ್ತುವಾರಿ ನೋಡುವವರನ್ನೂ ದಾಟಿ ಅಚ್ಚಾಗಿ ಹೋಗಿತ್ತು. ಈ ಲೇಖನದ ವಿಚಾರವೆಲ್ಲ ಆ ಪ್ರಶ್ನೆಯಿಂದ ಹುಟ್ಟಿದ್ದು.

ನಮ್ಮ ಭಾಷೆಯಲ್ಲಿ ಕೇಳಿದ ಮಾತನ್ನು ಕೇಳಿದ ಮಾತೆಂದೇ ಸೂಚಿಸುವುದಕ್ಕೆ ‘ಅಂತೆ’ ಎಂಬ ಪ್ರಾಮಾಣಿಕವಾದ ಶಬ್ದವೊಂದಿದೆ. ‘ಅವನು ಆಟದ ಹುಚ್ಚಿಗೆ ಕೊಂದನಂತೆ’ ಎಂದು ನೆರೆಮನೆಯವರು ಹೇಳಿದರೆ, ಹೇಳುವವರಿಗೆ ಅದು ಕಂಡದ್ದಲ್ಲ, ಕೇಳಿದ್ದು ಎಂಬುದು ಕೂಡಲೆ ತಿಳಿಯುತ್ತದೆ; ಅಂತೆಕಂತೆಗಳಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟನ್ನೇ ಕೇಳುವವರೂ ಕೊಡುತ್ತಾರೆ. ಪತ್ರಿಕಾಭಾಷೆಯ ‘ಎನ್ನಲಾಗಿದೆ’ ಎಂಬುದಾದರೋ ಅದೇ ಗಾಳಿಮಾತಿಗೆ ಗಾಂಭೀರ್ಯದ ಉಡುಪನ್ನು ತೊಡಿಸುತ್ತದೆ. ಅದು ಕರ್ತೃವಿಲ್ಲದ ಕ್ರಿಯೆ. ಅಂದವನು ಯಾರೆಂಬುದನ್ನು ಮರೆಮಾಡಿ, ಅಂದದ್ದನ್ನು ಮಾತ್ರ ಉಳಿಸಿಕೊಳ್ಳುವ ಪ್ರಯೋಗ. ಪೊಲೀಸರು ಅಂದರೆ? ದೂರುದಾರರು ಅಂದರೆ? ಟೀ ಅಂಗಡಿಯ ಬಳಿ ನಿಂತಿದ್ದವರು ಅಂದರೆ? ಈ ಮೂರಕ್ಕೂ ಪ್ರಮಾಣದ ತೂಕ ಬೇರೆ ಬೇರೆಯಾಗಿರುವಾಗ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ಒಂದೇ ಬೆಲೆಗೆ ಮಾರುವ ಈ ಶಬ್ದವು, ತಲೆಬರಹವನ್ನು ಮುಟ್ಟುವ ಹೊತ್ತಿಗೆ ತಾನೂ ಉದುರಿಹೋಗಿ, ಸಂಶಯವನ್ನು ನಿಶ್ಚಯವನ್ನಾಗಿ ಮಾಡಿರುತ್ತದೆ.

ವಿಡಿಯೊ ಆಟಗಳಿಗೂ ನಿಜಜೀವನದ ಹಿಂಸೆಗೂ ಸಂಬಂಧವನ್ನು ಕಲ್ಪಿಸುವ ಸುದ್ದಿಗಳ ಚರಿತ್ರೆಯನ್ನು ನೋಡಿದರೆ, ಈ ದೋಷ ನನ್ನದು ಮಾತ್ರವಲ್ಲ, ಕನ್ನಡ ಪತ್ರಿಕೆಗಳದು ಮಾತ್ರವೂ ಅಲ್ಲ ಎಂಬುದು ಸ್ಪಷ್ಟವಾಗುತ್ತದೆ. ಅದು ಹುಟ್ಟಿದ್ದೂ ಬೆಳೆದದ್ದೂ ಅಮೆರಿಕದಲ್ಲಿ. 1976ರಲ್ಲಿಯೇ ‘ಡೆತ್ ರೇಸ್’ ಎಂಬ ಕಪ್ಪುಬಿಳುಪಿನ ಆಟವೊಂದು, ಪರದೆಯ ಮೇಲೆ ಓಡುವ ಕಡ್ಡಿಗೊಂಬೆಗಳಂಥ ಆಕೃತಿಗಳ ಮೇಲೆ ಕಾರನ್ನು ಹಾಯಿಸುವುದಕ್ಕಾಗಿ, ಅಲ್ಲಿನ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಕೋಲಾಹಲವನ್ನೆಬ್ಬಿಸಿತ್ತು. ಆದರೆ ಇಂದು ನಮಗೆ ಪರಿಚಿತವಾಗಿರುವ ಸುದ್ದಿಯ ಅಚ್ಚು ಎರಕಗೊಂಡದ್ದು 1999ರ ಏಪ್ರಿಲ್ 20ರಂದು, ಕೊಲರಾಡೊ ಸಂಸ್ಥಾನದ ಕೊಲಂಬೈನ್ ಪ್ರೌಢಶಾಲೆಯಲ್ಲಿ. ಆ ದಿನ ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಮಂದಿ ಸಹಪಾಠಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಗುಂಡಿಕ್ಕಿ ಕೊಂದು ತಾವೂ ಸತ್ತರು. ಅವರು ‘ಡೂಮ್’ ಎಂಬ ಆಟವನ್ನು ಆಡುತ್ತಿದ್ದರೆಂಬುದು ನಿಜ. ಅವರಲ್ಲೊಬ್ಬನು ಆ ಆಟಕ್ಕೆ ತಾನೇ ಹೊಸ ಹಂತಗಳನ್ನು ರಚಿಸಿದ್ದನೆಂಬುದೂ ನಿಜ. ಆದರೆ ಅವನು ತನ್ನ ಶಾಲೆಯ ನಕ್ಷೆಯನ್ನೇ ಆಟದೊಳಗೆ ಕಟ್ಟಿ ಕೊಲೆಯ ಅಭ್ಯಾಸ ಮಾಡಿದ್ದನೆಂಬ, ಇಂದಿಗೂ ಜನರ ಬಾಯಲ್ಲಿರುವ ಮಾತಿಗೆ ಆಧಾರ ದೊರೆಯಲಿಲ್ಲ. ಉದ್ದನೆಯ ಕಪ್ಪು ಕೋಟು ತೊಟ್ಟ ಗುಂಪೊಂದಕ್ಕೆ ಸೇರಿದವರು ಅವರು ಎಂದು ಮೊದಲ ದಿನಗಳಲ್ಲಿ ಬಿತ್ತರಗೊಂಡ ಕಥೆಯೂ ನಿಲ್ಲಲಿಲ್ಲ. ಅವರ ಮೂಲ ಯೋಜನೆ ಗುಂಡು ಹಾರಿಸುವುದೇ ಆಗಿರಲಿಲ್ಲ, ಶಾಲೆಯ ಊಟದ ಮನೆಯಲ್ಲಿ ಪ್ರೊಪೇನ್ ಅನಿಲದ ಬಾಂಬುಗಳನ್ನಿಟ್ಟು ನೂರಾರು ಮಕ್ಕಳನ್ನು ಒಮ್ಮೆಗೇ ಕೊಲ್ಲುವುದು ಅವರ ಉದ್ದೇಶವಾಗಿತ್ತು, ಬಾಂಬುಗಳು ಸಿಡಿಯಲಿಲ್ಲ. ಗುಂಡಿನ ಆಟವೊಂದರ ಅನುಕರಣೆಯೆಂದು ಜಗತ್ತು ನಂಬಿದ ಘಟನೆ ವಾಸ್ತವವಾಗಿ ವಿಫಲಗೊಂಡ ಬಾಂಬ್ ದಾಳಿಯಾಗಿತ್ತು ಎಂಬುದನ್ನು ತಿಳಿದವರು ಇಂದಿಗೂ ವಿರಳ.

2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಮೂವತ್ತೆರಡು ಮಂದಿ ಹತರಾದರು. ಕೊಂದವನ ಹೆಸರು ಅಧಿಕೃತವಾಗಿ ಹೊರಬೀಳುವ ಮೊದಲೇ, ಅದೇ ದಿನ, ಆಟಗಳ ವಿರುದ್ಧ ವರ್ಷಗಳಿಂದ ಹೋರಾಡುತ್ತಿದ್ದ ಫ್ಲಾರಿಡಾದ ವಕೀಲ ಜ್ಯಾಕ್ ಥಾಂಪ್ಸನ್ ಅವರು ಫಾಕ್ಸ್ ನ್ಯೂಸ್ ವಾಹಿನಿಯಲ್ಲಿ ಕುಳಿತು ಈ ಕೃತ್ಯಕ್ಕೂ ಆಟಗಳಿಗೂ ನಂಟನ್ನು ಕಟ್ಟಿದ್ದರು. ಹೆಸರು ತಿಳಿಯದವನ ಹವ್ಯಾಸ ತಿಳಿದಿರುವುದೆಂತು? ಆ ವರ್ಷದ ಆಗಸ್ಟಿನಲ್ಲಿ ರಾಜ್ಯಪಾಲರು ನೇಮಿಸಿದ್ದ ಪರಿಶೀಲನಾ ಮಂಡಲಿಯ ವರದಿ ಹೊರಬಂದಾಗ, ಆ ಯುವಕನಿಗೆ ಆಟಗಳ ಗೀಳಿದ್ದ ಕುರುಹೇ ಅದರಲ್ಲಿ ಕಾಣಲಿಲ್ಲ. ಬಾಲ್ಯದಲ್ಲಿ ಅವನು ಆಡಿದುದಾಗಿ ಅದು ಹೆಸರಿಸಿದ ಆಟ ‘ಸಾನಿಕ್ ದಿ ಹೆಜ್‌ಹಾಗ್’, ನೀಲಿ ಬಣ್ಣದ ಪ್ರಾಣಿಯೊಂದು ಉಂಗುರಗಳನ್ನು ಆರಿಸುತ್ತ ಓಡುವ ಮಕ್ಕಳಾಟ. ವರದಿಯಲ್ಲಿ ದೀರ್ಘವಾಗಿ ಚರ್ಚಿತವಾದದ್ದು ಅವನ ಮನೋವ್ಯಾಧಿ, ಅದಕ್ಕೆ ದೊರೆಯದೆ ಹೋದ ಚಿಕಿತ್ಸೆ, ಒಂದು ಕಚೇರಿಗೆ ತಿಳಿದದ್ದು ಮತ್ತೊಂದಕ್ಕೆ ತಿಳಿಯದಂತೆ ತಡೆದ ನಿಯಮಗಳು ಮತ್ತು ಅವನ ಕೈಗೆ ಬಂದೂಕು ಸೇರಿದ ಬಗೆ. ಆದರೆ ಏಪ್ರಿಲಿನಲ್ಲಿ ಟಿ.ವಿ.ಯ ಮುಂದೆ ಕುಳಿತಿದ್ದವರೆಲ್ಲ ಆಗಸ್ಟಿನಲ್ಲಿ ವರದಿಯನ್ನು ಓದಲು ಕುಳಿತರೇ?

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಹೆಚ್ಚು ಕಾಲ ನಿಂತಿರುವುದು ಕನೆಕ್ಟಿಕಟ್ಟಿನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯ ಪ್ರಕರಣ. 2012ರ ಡಿಸೆಂಬರ್ 14ರಂದು ಇಪ್ಪತ್ತು ಮಂದಿ ಎಳೆಯ ಮಕ್ಕಳೂ ಆರು ಮಂದಿ ಹಿರಿಯರೂ ಆ ಶಾಲೆಯಲ್ಲಿ ಹತರಾದರು. ಮೊದಲ ಗಂಟೆಗಳಲ್ಲಿ ವಾಹಿನಿಗಳು ಕೊಲೆಗಾರನೆಂದು ಹೆಸರಿಸಿದ್ದು ಕೊಂದವನನ್ನಲ್ಲ, ಅವನ ಅಣ್ಣನನ್ನು. ಆ ನಿರಪರಾಧಿಯ ಫೇಸ್‌ಬುಕ್ ಪುಟವನ್ನು ಹುಡುಕಿದ ಜನ, ಅವನು ‘ಮಾಸ್ ಎಫೆಕ್ಟ್’ ಎಂಬ ಆಟವನ್ನು ಮೆಚ್ಚಿದ್ದುದನ್ನು ಕಂಡು, ಆ ಆಟದ ಪುಟಕ್ಕೆ ಮುತ್ತಿಗೆ ಹಾಕಿ ನಿಮ್ಮಿಂದಲೇ ಮಕ್ಕಳು ಸತ್ತರು ಎಂದು ದೂಷಿಸಿದರು. ಮನುಷ್ಯನೇ ತಪ್ಪಾಗಿರುವಾಗ ಕಾರಣ ಮಾತ್ರ ಸಿದ್ಧವಾಗಿತ್ತು! ಒಂದು ವಾರದ ಬಳಿಕ ಅಮೆರಿಕದ ಬಂದೂಕುಪ್ರಿಯರ ಸಂಘವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಮುಖ್ಯಸ್ಥ ವೇಯ್ನ್ ಲಾಪಿಯರ್ ಅವರು ಪತ್ರಕರ್ತರನ್ನು ಕರೆದು, ನಾಲ್ಕಾರು ಆಟಗಳ ಹೆಸರುಗಳನ್ನು ಓದಿ, ಹಿಂಸೆಯ ಬೀಜ ಬಿತ್ತುವವರು ಇವರೇ ಎಂದು ತೋರಿಸಿದರು. ಹನ್ನೊಂದು ತಿಂಗಳ ಮೇಲೆ, 2013ರ ನವೆಂಬರಿನಲ್ಲಿ, ಸರ್ಕಾರಿ ಅಭಿಯೋಜಕರ ವರದಿ ಬಂದಿತು. ಕೊಂದ ಯುವಕನ ಮನೆಯಲ್ಲಿ ಗುಂಡಿನ ಆಟಗಳು ದೊರೆತದ್ದುಂಟು. ಅದನ್ನು ಮರೆಮಾಚುವುದು ನನಗೆ ಬೇಕಿಲ್ಲ. ಆದರೆ ಅವನು ಗೀಳು ಹಿಡಿದವನಂತೆ ಆಡುತ್ತಿದ್ದ ಆಟ, ಚಿತ್ರಮಂದಿರವೊಂದರ ಮೊಗಸಾಲೆಯಲ್ಲಿದ್ದ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’: ಪರದೆಯ ಮೇಲೆ ಏರಿಬರುವ ಬಾಣಗಳಿಗೆ ಸರಿಯಾಗಿ ಪಾದಗಳಡಿಯ ಹಲಗೆಯನ್ನು ತಾಳಬದ್ಧವಾಗಿ ತುಳಿಯಬೇಕಾದ ನೃತ್ಯದ ಯಂತ್ರ. ವಾರಾಂತ್ಯಗಳಲ್ಲಿ ಅಲ್ಲಿಗೆ ಹೋಗಿ, ಜನ ಬರುತ್ತ ಹೋಗುತ್ತ ಇರುವ ಆ ಜಾಗದಲ್ಲಿ, ಒಬ್ಬನೇ ಗಂಟೆಗಟ್ಟಲೆ ಕುಣಿಯುತ್ತಿದ್ದ ಆ ಕೃಶಕಾಯದ ಹುಡುಗನ ಚಿತ್ರವನ್ನು ಯಾವ ತಲೆಬರಹವೂ ಊಹಿಸಿರಲಿಲ್ಲ. ಅವನು ಏಕೆ ಕೊಂದನೆಂಬುದನ್ನು ಖಚಿತವಾಗಿ ಹೇಳಲು ಆ ವರದಿಗೆ ಸಾಧ್ಯವಾಗಲಿಲ್ಲ. ಒಂದು ವರ್ಷ ಹುಡುಕಿದವರು ತಿಳಿಯಲಿಲ್ಲವೆಂದುದನ್ನು ಒಂದು ಗಂಟೆ ಹುಡುಕದವರು ತಿಳಿದಿದ್ದೇವೆಂದು ಸಾರಿದ್ದರು.

ನಮ್ಮ ಪ್ರಾಚೀನ ತಾರ್ಕಿಕರು ಇಂಥ ತಪ್ಪಿಗೆ ಕಾಕತಾಳೀಯವೆಂದು ಹೆಸರಿಟ್ಟರು. ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತ ಕ್ಷಣಕ್ಕೆ ಹಣ್ಣು ಬಿದ್ದರೆ, ಬೀಳಿಸಿದ್ದು ಕಾಗೆಯೇ ಎಂದು ನೋಡುವವನು ನಂಬುತ್ತಾನೆ. ಕಾರ್ಯಕಾರಣ ಸಂಬಂಧವನ್ನು ಸ್ಥಾಪಿಸಬೇಕಾದರೆ ಅನ್ವಯ ಸಾಲದು, ವ್ಯತಿರೇಕವೂ ಬೇಕು: ಅದಿದ್ದಾಗ ಇದು ಇರಬೇಕು, ಅದಿಲ್ಲದಾಗ ಇದು ಇರಬಾರದು. ಆಟದ ವಿಷಯದಲ್ಲಿ ಈ ಎರಡು ಪರೀಕ್ಷೆಗಳನ್ನೂ ನಡೆಸಿ ನೋಡಬಹುದು. ಇಂದಿನ ಹದಿಹರೆಯದ ಹುಡುಗರಲ್ಲಿ ಯಾವುದಾದರೊಂದು ಆಟ ಆಡದವರನ್ನು ಹುಡುಕುವುದೇ ಕಷ್ಟವಾಗಿರುವಾಗ, ಕೊಂದವನ ಫೋನಿನಲ್ಲಿ ಆಟವೊಂದು ದೊರೆತರೆ ಅದು ಅವನನ್ನು ಉಳಿದ ಕೋಟ್ಯಂತರ ಹುಡುಗರಿಂದ ಬೇರ್ಪಡಿಸುವ ಲಕ್ಷಣವಾಗಲಾರದು. ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಆಟಗಳಿಗಾಗಿ ವೆಚ್ಚವಾಗುವ ಹಣಕ್ಕೂ ಹೊತ್ತಿಗೂ ಮಿತಿಯಿಲ್ಲ. ಅಲ್ಲಿ ಗುಂಡಿನಿಂದ ಸಾಯುವವರು ಅಮೆರಿಕಕ್ಕೆ ಹೋಲಿಸಿದರೆ ಇಲ್ಲವೆಂಬಷ್ಟು ಕಡಿಮೆ, ಏಕೆಂದರೆ ಅಲ್ಲಿ ಬಂದೂಕು ಕೈಗೆ ಸಿಕ್ಕುವುದೇ ದುರ್ಲಭ. ಅನ್ವಯವೂ ಕೆಟ್ಟಿತು, ವ್ಯತಿರೇಕವೂ ಕೆಟ್ಟಿತು.

ಅಮೆರಿಕದ ಅಧ್ಯಕ್ಷರ ರಕ್ಷಣೆಯ ಹೊಣೆ ಹೊತ್ತ ಸೀಕ್ರೆಟ್ ಸರ್ವಿಸ್ ಇಲಾಖೆಯೂ ಅಲ್ಲಿನ ಶಿಕ್ಷಣ ಇಲಾಖೆಯೂ ಕೂಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಪ್ರತಿಯೊಂದು ಸುದ್ದಿಮನೆಯ ಗೋಡೆಯ ಮೇಲೂ ಅಂಟಿಸಬೇಕೆಂದು ನನಗೆ ಅನಿಸುತ್ತದೆ. ಶಾಲೆಗಳಲ್ಲಿ ನಡೆದ 37 ದಾಳಿಗಳನ್ನೂ ಅವುಗಳನ್ನು ನಡೆಸಿದ 41 ಮಂದಿಯನ್ನೂ ಅವರು ಒಂದೊಂದಾಗಿ ಪರಿಶೀಲಿಸಿದರು. ಹಿಂಸಾತ್ಮಕ ಆಟಗಳಲ್ಲಿ ಆಸಕ್ತಿಯಿದ್ದವರು ಅವರಲ್ಲಿ ಶೇ. 12, ಹಿಂಸೆಯನ್ನು ತಮ್ಮ ಸ್ವಂತ ಬರಹಗಳಲ್ಲಿ, ಕವಿತೆಗಳಲ್ಲಿ, ದಿನಚರಿಗಳಲ್ಲಿ ಚಿತ್ರಿಸಿಕೊಂಡಿದ್ದವರು ಶೇ. 37. ಹಾಗೆಂದು ಕವಿತೆ ಕೊಲೆಗೆ ಕಾರಣವೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ಅದೇ ಅಧ್ಯಯನದಲ್ಲಿ ಮತ್ತೆರಡು ಅಂಕಿಗಳಿವೆ: ಶೇ. 81ರಷ್ಟು ಪ್ರಕರಣಗಳಲ್ಲಿ ದಾಳಿಯ ಯೋಚನೆ ಕನಿಷ್ಠ ಇನ್ನೊಬ್ಬರಿಗೆ ಮೊದಲೇ ತಿಳಿದಿತ್ತು, ಶೇ. 68ರಷ್ಟು ಪ್ರಕರಣಗಳಲ್ಲಿ ಬಂದೂಕು ಬಂದದ್ದು ಹುಡುಗನ ಸ್ವಂತ ಮನೆಯಿಂದ, ಇಲ್ಲವೆ ಬಂಧುವೊಬ್ಬರ ಮನೆಯಿಂದ. ತಿಳಿದಿದ್ದ ಗೆಳೆಯನು ಯಾರಿಗೆ ಹೇಳಬಹುದಿತ್ತು, ಹೇಳಲು ಏಕೆ ಅಂಜಿದನು, ಬೀರುವಿಗೆ ಬೀಗವೇಕೆ ಇರಲಿಲ್ಲ ಎಂಬಿವು ಬರೆಯಬೇಕಾದ ಸುದ್ದಿಗಳಾಗಿದ್ದುವು. ಆಟದ ಹೆಸರು ಆ ಸ್ಥಳವನ್ನು ಆಕ್ರಮಿಸಿತು. ಸುಳ್ಳು ಕಾರಣದ ನಿಜವಾದ ಅಪಾಯವಿರುವುದು ಆಟದ ಕಂಪನಿಗೆ ತಗಲುವ ಕಳಂಕದಲ್ಲಲ್ಲ. ಆ ಕಂಪನಿಗಳಿಗೆ ತಮ್ಮನ್ನು ಕಾಯ್ದುಕೊಳ್ಳುವ ಶಕ್ತಿಯಿದೆ. ಅಪಾಯವಿರುವುದು, ಮುಂದಿನ ಮಗುವನ್ನು ಉಳಿಸಬಹುದಾಗಿದ್ದ ಪ್ರಶ್ನೆಯನ್ನು ಅದು ಕೇಳಗೊಡದಿರುವುದರಲ್ಲಿ.

ಮತ್ತೊಂದು ಸಂಗತಿ ಮನಸ್ಸನ್ನು ಇನ್ನೂ ಕಲಕುವಂಥದು. 2019ರಲ್ಲಿ ಪ್ಯಾಟ್ರಿಕ್ ಮಾರ್ಕಿ ಮತ್ತು ಅವರ ಸಹೋದ್ಯೋಗಿಗಳು, 204 ಸಾಮೂಹಿಕ ಗುಂಡಿನ ದಾಳಿಗಳನ್ನು ಕುರಿತ ಎರಡು ಲಕ್ಷಕ್ಕೂ ಮಿಕ್ಕಿದ ಸುದ್ದಿಲೇಖನಗಳನ್ನು ಶೋಧಿಸಿ, ಶಾಲೆಯಲ್ಲಿ ದಾಳಿ ನಡೆಸಿದವನು ಬಿಳಿಯನಾಗಿದ್ದರೆ ಅಲ್ಲಿ ವಿಡಿಯೊ ಆಟಗಳ ಪ್ರಸ್ತಾಪ, ಅವನು ಕರಿಯನಾಗಿದ್ದಾಗ ಬರುವುದಕ್ಕಿಂತ ಎಂಟು ಪಟ್ಟು ಹೆಚ್ಚೆಂದು ಕಂಡುಕೊಂಡರು. ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಒಬ್ಬ ಹುಡುಗ ಕೊಂದರೆ, ಇಂಥ ಮನೆಯ ಮಗು ಹೀಗೇಕೆ ಮಾಡಿತು, ಹೊರಗಿನಿಂದ ಯಾವುದೋ ವಿಷ ಒಳಹೊಕ್ಕಿರಬೇಕು ಎಂದು ಕಾರಣವನ್ನು ಅರಸುತ್ತೇವೆ. ಮತ್ತೊಬ್ಬ ಹುಡುಗ ಕೊಂದರೆ ಕಾರಣವನ್ನು ಅರಸುವುದೇ ಇಲ್ಲ, ಅವನ ಜನಾಂಗವೇ ಕಾರಣವೆಂಬಂತೆ ಸುಮ್ಮನಾಗುತ್ತೇವೆ. ಆಟವೆಂಬುದು ಇಲ್ಲಿ ಆರೋಪವಾಗಿ ಕಂಡರೂ ಒಳಗೆ ಕ್ಷಮಾಪಣೆಯಾಗಿ ಕೆಲಸ ಮಾಡುತ್ತಿದೆ; ಆ ಕ್ಷಮೆ ಕೆಲವರ ಮಕ್ಕಳಿಗೆ ಮಾತ್ರ ಮೀಸಲಾಗಿದೆ. ನಮ್ಮ ಸುದ್ದಿಗಳಲ್ಲಿ ‘ಒಳ್ಳೆಯ ಮನೆತನದ ಹುಡುಗ’ ಎಂಬ ವಿಶೇಷಣವನ್ನು ಯಾರಿಗೆ ಬಳಸುತ್ತೇವೆ, ‘ಪುಂಡ’ ಎಂಬುದನ್ನು ಯಾವ ಬಡಾವಣೆಯವನಿಗೆ ಬಳಸುತ್ತೇವೆ ಎಂದು ನಾವೂ ಒಮ್ಮೆ ಹಳೆಯ ಸಂಚಿಕೆಗಳನ್ನು ತಿರುವಿ ನೋಡಿಕೊಳ್ಳಬೇಕಾಗಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಆಟಗಳು ನಿರ್ದೋಷಿಗಳೆಂದು ತೀರ್ಪು ಕೊಡುವವನು ನಾನಲ್ಲ. ಕ್ರೇಗ್ ಆ್ಯಂಡರ್ಸನ್, ಬ್ರ್ಯಾಡ್ ಬುಷ್‌ಮನ್ ಮೊದಲಾದ ಮನಃಶಾಸ್ತ್ರಜ್ಞರು ದೀರ್ಘಕಾಲ ಶೋಧಿಸಿ, ಹಿಂಸಾತ್ಮಕ ಆಟಕ್ಕೂ ಆಕ್ರಮಣಶೀಲ ಭಾವಕ್ಕೂ ಸಣ್ಣದಾದರೂ ನಿಜವಾದ ಸಂಬಂಧವಿದೆಯೆಂದು ವಾದಿಸಿದ್ದಾರೆ. ಆ ವಾದವನ್ನು ತಿರಸ್ಕಾರದಿಂದ ತಳ್ಳಿಹಾಕುವುದು ವಿಚಾರವಂತರಿಗೆ ಉಚಿತವಲ್ಲ. ಆದರೆ ಪ್ರಯೋಗಶಾಲೆಯಲ್ಲಿ ‘ಆಕ್ರಮಣ’ ಎಂದು ಅಳೆಯಲ್ಪಡುವುದೇನೆಂದು ಓದುಗರಿಗೆ ತಿಳಿದಿರಬೇಕು: ಎದುರಾಳಿಯ ಕಿವಿಗೆ ಎಷ್ಟು ಜೋರಾದ ಶಬ್ದವನ್ನು ಎಷ್ಟು ಹೊತ್ತು ಕೇಳಿಸುತ್ತಾರೆ, ಖಾರ ಒಗ್ಗದವನಿಗೆ ಎಷ್ಟು ಖಾರದ ಸಾರವನ್ನು ಬಡಿಸುತ್ತಾರೆ ಎಂಬಂಥವು ಅಲ್ಲಿನ ಮಾನಗಳು. ಅಂಥ ಕೊಠಡಿಯಿಂದ ಹೊರಟ ‘ಆಕ್ರಮಣಶೀಲತೆ’ ಎಂಬ ಶಾಸ್ತ್ರೀಯ ಪದ ಪತ್ರಿಕೆಯ ಪುಟವನ್ನು ಸೇರುವಷ್ಟರಲ್ಲಿ ‘ಹಿಂಸೆ’ಯಾಗಿ, ತಲೆಬರಹದಲ್ಲಿ ‘ಕೊಲೆ’ಯಾಗುತ್ತದೆ. ಆಕ್ಸ್‌ಫರ್ಡಿನ ಆ್ಯಂಡ್ರ್ಯೂ ಪ್ರಿಬಿಲ್‌ಸ್ಕಿ ಮತ್ತು ಕಾರ್ಡಿಫಿನ ನೆಟ್ಟಾ ವೈನ್‌ಸ್ಟೈನ್ ಅವರು, ತಾವು ಯಾವುದನ್ನು ಹೇಗೆ ಅಳೆಯುತ್ತೇವೆಂಬುದನ್ನು ಮೊದಲೇ ಬಹಿರಂಗವಾಗಿ ದಾಖಲಿಸಿ, ಹದಿನಾಲ್ಕು ಹದಿನೈದು ವಯಸ್ಸಿನ ಸುಮಾರು ಸಾವಿರ ಬ್ರಿಟಿಷ್ ಮಕ್ಕಳನ್ನೂ ಅವರ ಪೋಷಕರನ್ನೂ ಪ್ರಶ್ನಿಸಿ, 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಸಣ್ಣ ಸಂಬಂಧವೂ ಕಾಣಲಿಲ್ಲ. ಹಿಂದೆ ಆಟಗಳ ಬಗ್ಗೆ ಎಚ್ಚರಿಕೆಯ ಠರಾವನ್ನು ಅಂಗೀಕರಿಸಿದ್ದ ಅಮೆರಿಕದ ಮನಃಶಾಸ್ತ್ರ ಸಂಘವೇ 2020ರಲ್ಲಿ, ಮಾರಕ ಹಿಂಸೆಯನ್ನು ಆಟಗಳಿಗೆ ಆರೋಪಿಸುವುದಕ್ಕೆ ವೈಜ್ಞಾನಿಕ ಆಧಾರ ಸಾಲದೆಂದೂ, ಹಾಗೆ ಆರೋಪಿಸುವುದರಿಂದ ಬೇರೆ ಕಾರಣಗಳ ಕಡೆಗಿನ ಗಮನ ತಪ್ಪುವುದೆಂದೂ ಸ್ಪಷ್ಟಪಡಿಸಿತು. ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ, ಮಕ್ಕಳಿಗೆ ಇಂಥ ಆಟಗಳನ್ನು ಮಾರುವುದನ್ನು ನಿಷೇಧಿಸಿದ ಕ್ಯಾಲಿಫೋರ್ನಿಯಾದ ಕಾನೂನನ್ನು ಏಳು ಮಂದಿಯ ಬಹುಮತದಿಂದ ರದ್ದುಮಾಡಿದಾಗ, ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅವರು ಗ್ರಿಮ್ ಸೋದರರ ಕಥೆಗಳಲ್ಲಿ ಬರುವ ಕ್ರೌರ್ಯವನ್ನೂ, ಹಿಂದೆ ಕಾದಂಬರಿ, ಸಿನಿಮಾ, ಕಾಮಿಕ್ಸುಗಳನ್ನು ಹೀಗೆಯೇ ದೂಷಿಸಿದ್ದನ್ನೂ ನೆನಪಿಸಿದ್ದರು. ತನ್ನ ಮಗು ಊಟ ನಿದ್ರೆ ಬಿಟ್ಟು ಫೋನಿಗೆ ಅಂಟಿಕೊಂಡಿರುವುದನ್ನು ಕಂಡು ನೊಂದುಕೊಳ್ಳುವ ತಾಯಿಯ ಕಳವಳ ಸುಳ್ಳಲ್ಲ. ಅವಳಿಗೆ ನಾವು ಕೊಡಬೇಕಾದದ್ದು ನಿದ್ರೆಯ, ಓದಿನ, ಹಣ ಕೀಳುವ ಆಟಗಳ ವಿಷಯವಾದ ತಿಳಿವಳಿಕೆ. ಅವಳ ಮಗ ನಾಳೆ ಕೊಲೆಗಾರನಾದಾನೆಂಬ ಭಯವಲ್ಲ.

ಭಾರತದಲ್ಲಿ ಈ ಭಯದ ಬೆಳೆ 2017ರಲ್ಲಿ ಒಮ್ಮೆಗೇ ಹುಲುಸಾಗಿ ಬಂದಿತು. ‘ಬ್ಲೂ ವೇಲ್’ ಎಂಬ ಆಟ ಮಕ್ಕಳನ್ನು ಐವತ್ತು ದಿನಗಳಲ್ಲಿ ಆತ್ಮಹತ್ಯೆಗೆ ತಳ್ಳುತ್ತಿದೆಯೆಂಬ ಸುದ್ದಿ, 2016ರಲ್ಲಿ ರಷ್ಯಾದ ‘ನೋವಾಯ ಗಜೇಟ’ ಪತ್ರಿಕೆಯ ಲೇಖನವೊಂದರಿಂದ ಹೊರಟು, ದೇಶದಿಂದ ದೇಶಕ್ಕೆ ಹಾರಿ, ನಮ್ಮಲ್ಲಿಗೆ ಬಂದು ಊರೂರಿನ ಸಾವುಗಳಿಗೆಲ್ಲ ಕಾರಣವಾಗಿ ನಿಂತಿತು. ಕೇಂದ್ರ ಸರ್ಕಾರ ಕೊಂಡಿಗಳನ್ನು ತೆಗೆದುಹಾಕುವಂತೆ ಕಂಪನಿಗಳಿಗೆ ಸೂಚಿಸಿತು. ಶಾಲೆಗಳಲ್ಲಿ ಮಕ್ಕಳ ಮುಂಗೈಗಳನ್ನು ಪರೀಕ್ಷಿಸುವಷ್ಟಕ್ಕೆ ಭೀತಿ ಮುಟ್ಟಿತು. ಆ ಸಾವುಗಳನ್ನು ಪರಿಶೀಲಿಸಿದ ಸಮಿತಿಗೆ ಯಾವ ಪ್ರಕರಣದಲ್ಲಿಯೂ ಆ ಆಟದ ಪಾತ್ರ ಸ್ಥಾಪಿತವಾಗಲಿಲ್ಲವೆಂದು 2018ರ ಜನವರಿಯಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಆ ಉತ್ತರ ಮುಖಪುಟದಲ್ಲಿ ಬಂದುದನ್ನು ನಾನಂತೂ ಕಾಣಲಿಲ್ಲ. ಅನಂತರ ‘ಪಬ್ಜಿ’ ಎಂಬ ಮೊಬೈಲ್ ಆಟದ ಸರದಿ. 2019ರ ಮಾರ್ಚಿನಲ್ಲಿ ರಾಜಕೋಟದ ಪೊಲೀಸರು ಅದನ್ನು ನಿಷೇಧಿಸಿ, ಆಡುತ್ತ ಕುಳಿತಿದ್ದ ತರುಣರನ್ನು ಬಂಧಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಬಳಿಯ ಕಾಕತಿಯಲ್ಲಿ ಮಗನೊಬ್ಬ ತಂದೆಯನ್ನು ಕೊಂದಾಗ ಆ ಎರಡಕ್ಷರದ ಹೆಸರು ದೇಶದ ಎಲ್ಲ ಭಾಷೆಗಳ ತಲೆಬರಹವಾಯಿತು. ಅದು ದೇಶದಲ್ಲಿ ನಿಷೇಧಿತವಾದದ್ದು ಹಿಂಸೆಯ ಕಾರಣಕ್ಕಾಗಿಯೇ ಎಂದು ನಂಬಿರುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಆದರೆ 2020ರ ಸೆಪ್ಟೆಂಬರ್ 2ರ ಆಜ್ಞೆಯಲ್ಲಿ ಅದೂ ಸೇರಿ ಮೊಬೈಲಿನ 118 ಆ್ಯಪ್‌ಗಳಿದ್ದುವು, ಕೊಟ್ಟ ಕಾರಣ ದೇಶದ ಸಾರ್ವಭೌಮತೆ ಮತ್ತು ಭದ್ರತೆ. 2022ರ ಜೂನಿನಲ್ಲಿ ಲಖನೌದಲ್ಲಿ ಹದಿನಾರರ ಹುಡುಗನೊಬ್ಬ ತಾಯಿಯನ್ನು ಗುಂಡಿಕ್ಕಿ ಕೊಂದನೆಂಬ ಸುದ್ದಿ ಬಂದಾಗ ವಾರವಿಡೀ ನಡೆದ ಟಿ.ವಿ. ಚರ್ಚೆಗಳೆಲ್ಲ ಫೋನನ್ನು ಕುರಿತವು. ಹಾರಿದ ಗುಂಡು ತಂದೆಯ ಪರವಾನಗಿಯ ಪಿಸ್ತೂಲಿನದು. ಅದು ಬಾಲಕನ ಕೈಗೆ ಎಟುಕುವ ಹಾಗೆ ಇದ್ದುದೇಕೆಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಪತ್ರಕರ್ತ ಮಿತ್ರರು ಇದಕ್ಕೆ ಕೊಡುವ ಸಮಾಧಾನವನ್ನು ನಾನು ಬಲ್ಲೆ. ನಾನೂ ಅದನ್ನು ಕೊಟ್ಟವನೇ. ಓದುಗನು ‘ಏಕೆ’ ಎಂದು ಕೇಳುತ್ತಾನೆ, ಅವನಿಗೆ ಉತ್ತರವಿಲ್ಲದ ಸುದ್ದಿಯನ್ನು ಕೊಡುವುದು ಹೇಗೆ ಎನ್ನುತ್ತಾರೆ. ಪೊಲೀಸರೇ ಹೇಳಿದರೆ ನಾವೇನು ಮಾಡುವುದು ಎಂದೂ ಕೇಳುತ್ತಾರೆ. ಪೊಲೀಸರು ಹೇಳಿದ್ದರೆ ‘ಪೊಲೀಸರು ಹೇಳಿದರು’ ಎಂದೇ ಬರೆಯೋಣ. ಯಾವ ಅಧಿಕಾರಿ, ಯಾವ ಹಂತದ ತನಿಖೆಯಲ್ಲಿ ಹೇಳಿದರೆಂಬುದನ್ನೂ ಬರೆಯೋಣ. ಕಾರಣ ತಿಳಿದಿಲ್ಲದಿದ್ದರೆ ‘ಕಾರಣ ತಿಳಿದುಬಂದಿಲ್ಲ’ ಎಂಬ ಹಳೆಯ, ನೇರವಾದ ಎರಡು ಪದಗಳ ವಾಕ್ಯ ನಮ್ಮ ಪತ್ರಿಕೆಗಳಲ್ಲಿ ಹಿಂದಿನಿಂದಲೂ ಇದೆ. ಅದನ್ನು ಬಳಸಲು ನಾಚುವುದೇಕೆ? ಆತ್ಮಹತ್ಯೆಯ ಸುದ್ದಿಯನ್ನು ಬರೆಯುವಾಗ ಒಂದೇ ಕಾರಣಕ್ಕೆ ಅದನ್ನು ಇಳಿಸಬಾರದೆಂಬ ವಿವೇಕವನ್ನು ಕಷ್ಟಪಟ್ಟಾದರೂ ಕಲಿಯುತ್ತಿದ್ದೇವೆ. ಭಾರತೀಯ ಪತ್ರಿಕಾ ಮಂಡಲಿ 2019ರಲ್ಲಿ ಅದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿತು. ಅದೇ ವಿವೇಕ ಕೊಲೆಯ ಸುದ್ದಿಗೆ ಬೇಡವೆ? ಮನೆಯೊಳಗಿನ ಕೊಲೆಯೊಂದರ ಹಿಂದೆ ಹತ್ತು ವರ್ಷಗಳ ಮಾತು, ಮೌನ, ಹೊಡೆತ, ಅವಮಾನಗಳಿರುತ್ತವೆ. ಕಡೆಯ ದಿನದ ಜಗಳ ಫೋನಿನದಾಗಿದ್ದರೂ ಅದು ಕಡ್ಡಿ ಗೀರಿದ ಕ್ಷಣವೇ ಹೊರತು ಒಟ್ಟಿದ ಹುಲ್ಲಿನ ಬಣವೆಯಲ್ಲ. ಬಣವೆ ಯಾವುದೆಂಬುದು ಠಾಣೆಯ ಮೆಟ್ಟಿಲ ಮೇಲೆ ತಿಳಿಯುವುದಿಲ್ಲ. ದೋಷಾರೋಪಪಟ್ಟಿಯಲ್ಲಿ ಸ್ವಲ್ಪ, ಸಾಕ್ಷಿಗಳ ಪಾಟೀಸವಾಲಿನಲ್ಲಿ ಸ್ವಲ್ಪ, ತೀರ್ಪಿನಲ್ಲಿ ಸ್ವಲ್ಪ ತಿಳಿದೀತು. ಅಲ್ಲಿಯವರೆಗೂ ಆ ಸುದ್ದಿ ಮುಗಿದಿರುವುದಿಲ್ಲ. ಮೊದಲ ದಿನ ಕಾರಣವನ್ನು ಸಾರಿದ ಪತ್ರಿಕೆ, ತೀರ್ಪು ಬಂದ ದಿನ ಆ ಕಾರಣವನ್ನು ಮತ್ತೆ ಎತ್ತಿ, ಅದು ನಿಂತಿತೇ ಬಿದ್ದಿತೇ ಎಂಬುದನ್ನು ಅದೇ ಪುಟದಲ್ಲಿ, ಅದೇ ಅಗಲದಲ್ಲಿ ಹೇಳುವ ಋಣವನ್ನು ಹೊತ್ತಿರುತ್ತದೆ.

ಸೋದರಮಾವ ಬಂದು ಹೋದ ಮೇಲೆ ನಾನು ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು, ಅಪರಾಧದ ಸುದ್ದಿಗಳಲ್ಲಿ ಕಾರಣವನ್ನು ಮುದ್ರಿಸಿದ ದಿನಾಂಕಗಳನ್ನು ಎಡಗಡೆಯೂ, ನ್ಯಾಯಾಲಯದಲ್ಲಿ ಪ್ರಕರಣ ಎಲ್ಲಿಗೆ ಬಂದಿತೆಂಬುದನ್ನು ಬಲಗಡೆಯೂ ಬರೆದಿಡಲು ತೊಡಗಿದೆನು. ಬಲಗಡೆಯ ಕಾಲಮ್ಮು ಬಹುಕಾಲ ಬರಿದಾಗಿಯೇ ಇದ್ದಿತು. ಮೂರು ವರ್ಷಗಳ ನಂತರ ಆ ಕೊಡಲಿಯ ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಲಯದ ತೀರ್ಪು ಬಂದಾಗ, ವರದಿಗಾರನಿಂದ ಅದರ ಪ್ರತಿಯನ್ನು ತರಿಸಿಕೊಂಡು ಮೊದಲಿಂದ ಕೊನೆಯವರೆಗೆ ಓದಿದೆನು. ತಂದೆ ಸತ್ತ ಮೇಲೆ ಆಗದೆ ಉಳಿದಿದ್ದ ಪಾಲು, ಅಣ್ಣನೊಬ್ಬನ ಹೆಸರಿಗೆ ಮಾತ್ರ ಬಿದ್ದಿದ್ದ ಪಹಣಿ, ಕೊಳವೆಬಾವಿಯ ನೀರು ಬಿಡುವ ಸರದಿಯ ವಿಷಯವಾಗಿ ಪಂಚಾಯಿತಿಯವರೆಗೂ ಹೋಗಿದ್ದ ತಕರಾರು, ಇಷ್ಟೇ ಅಲ್ಲಿದ್ದುದು. ಆಟದ ಮಾತು ಒಂದೆಡೆಯೂ ಇರಲಿಲ್ಲ. ಹಿಂದಿನ ತಲೆಬರಹದ ತಪ್ಪನ್ನು ಒಪ್ಪಿಕೊಂಡು ಇದನ್ನು ಮೊದಲ ಪುಟದಲ್ಲಿ ಹಾಕೋಣವೆಂದು ನಾನು ಕೇಳಿದೆನು. ಹಳೆಯ ಸುದ್ದಿ, ಈಗ ಯಾರಿಗೆ ನೆನಪಿದೆ ಎಂಬ ಉತ್ತರ ಬಂದಿತು. ಕಡೆಗೆ ಏಳನೆಯ ಪುಟದ ಕೆಳಗೆ, ಟೆಂಡರ್ ಪ್ರಕಟಣೆಯೊಂದರ ಪಕ್ಕದಲ್ಲಿ, ಒಂದೇ ಕಾಲಮ್ಮಿನಲ್ಲಿ ಒಂಬತ್ತು ಸಾಲುಗಳು ಅಚ್ಚಾದುವು. ಪಹಣಿಯ ವಿಷಯವಿದ್ದ ಸಾಲನ್ನು ಯಾರೂ ಕತ್ತರಿಸದಂತೆ ಪುಟ ಮುಗಿಯುವವರೆಗೂ ಅಲ್ಲಿಯೇ ನಿಂತು ನೋಡಿಕೊಂಡೆನು. ಬೆಳಿಗ್ಗೆ ಆ ಒಂಬತ್ತು ಸಾಲುಗಳನ್ನು ಕತ್ತರಿಸಿ, ಲಕೋಟೆಯಲ್ಲಿಟ್ಟು, ಸೋದರಮಾವನವರು ಅಂದು ಬರೆದುಕೊಟ್ಟಿದ್ದ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದೆನು.